ಪಠ್ಯ, ಯಂತ್ರ ಮತ್ತು ವಕ್ತೃ: ಡಿಜಿಟಲ್ ಮಾನವಿಕ ಶಿಕ್ಷಣ ಮತ್ತು ಜಾನಪದ ಅಧ್ಯಯನ

ಇಟಲಿಯ ಯೇಸುಸಭೆಯ ಪಾದ್ರಿ ರೊಬೆರ್ತೊ ಬೂಸಾ 1949ರಲ್ಲಿ ನ್ಯೂಯಾರ್ಕಿಗೆ ತೆರಳಿ ಐ.ಬಿ.ಎಂ. ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್‌ರನ್ನು ಭೇಟಿಯಾದರು. ಡಿಜಿಟಲ್ ಮಾನವಿಕಗಳ ಚರಿತ್ರೆಯನ್ನು ಈ ಪ್ರಸಂಗದಿಂದ ಆರಂಭಿಸುವುದು ವಾಡಿಕೆ. ಹದಿಮೂರನೆಯ ಶತಮಾನದ ದಾರ್ಶನಿಕ ಥಾಮಸ್ ಅಕ್ವಿನಾಸನ ಲ್ಯಾಟಿನ್ ಕೃತಿಗಳಲ್ಲಿ ಬರುವ ಪ್ರತಿಯೊಂದು ಪದಕ್ಕೂ ಪ್ರಯೋಗಸೂಚಿ ಸಿದ್ಧಪಡಿಸುವುದು ಬೂಸಾ ಅವರ ಉದ್ದೇಶವಾಗಿತ್ತು. ಒಂದು ಕೋಟಿಗೂ ಮಿಗಿಲಾದ ಪದಗಳನ್ನೊಳಗೊಂಡ ಆ ಸೂಚಿ 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಮುದ್ರಣಗೊಂಡಿತು. ಈ ಸಾಧನೆಯನ್ನು ಕುರಿತ ಬರಹಗಳಲ್ಲಿ ಬೂಸಾ ಮತ್ತು ವಾಟ್ಸನ್ ಇಬ್ಬರ ಹೆಸರೂ ಬಹುಕಾಲ ಉಳಿದುಬಂದವು. ಲ್ಯಾಟಿನ್ ಪದಗಳನ್ನು ರಂಧ್ರಪತ್ರಗಳಿಗೆ ಇಳಿಸಿದವರ ಹೆಸರು ಮಾತ್ರ ಉಳಿಯಲಿಲ್ಲ.

ಆ ಕೆಲಸವನ್ನು ಮಾಡಿದವರು ಬಹುಪಾಲು ಯುವತಿಯರು. 1950 ಹಾಗೂ 60ರ ದಶಕಗಳಲ್ಲಿ ಉತ್ತರ ಇಟಲಿಯ ಗಲ್ಲರಾತೆಯಲ್ಲಿ ಅವರಿಗೆಂದೇ ತರಬೇತಿ ಶಾಲೆ ನಡೆಯುತ್ತಿತ್ತು. ಅವರಿಗೆ ಯಂತ್ರವನ್ನು ನಡೆಸಲು ಕಲಿಸಲಾಯಿತೇ ಹೊರತು ಲ್ಯಾಟಿನ್ ಕಲಿಸಲಿಲ್ಲ. ಅರ್ಥವಾಗದ ಭಾಷೆಯ ಅಕ್ಷರಗಳನ್ನು ತಪ್ಪಿಲ್ಲದೆ ಒತ್ತುವುದಷ್ಟೇ ಅವರಿಂದ ನಿರೀಕ್ಷಿತವಾಗಿತ್ತು. ಮೆಲಿಸಾ ಟೆರಸ್ ಮತ್ತು ಜೂಲಿಯಾನ್ ನಿಹಾನ್ ಎಂಬ ವಿದುಷಿಯರು ಹಳೆಯ ಛಾಯಾಚಿತ್ರಗಳು, ದಾಖಲೆಗಳು ಹಾಗೂ ಸಂದರ್ಶನಗಳ ಮೂಲಕ ಈ ಸಂಗತಿಯನ್ನು ಬೆಳಕಿಗೆ ತಂದದ್ದು ತೀರ ಇತ್ತೀಚೆಗೆ. ಹೀಗೆ ಡಿಜಿಟಲ್ ಮಾನವಿಕಗಳ ಮೊದಲ ತರಗತಿಯಲ್ಲಿಯೇ ಶಿಕ್ಷಣ ಎರಡಾಗಿ ಒಡೆದಿತ್ತು. ಪಠ್ಯವನ್ನು ಬಲ್ಲವರು ಒಂದು ಕಡೆ, ಯಂತ್ರವನ್ನು ಬಲ್ಲವರು ಇನ್ನೊಂದು ಕಡೆ. ಮೊದಲಿನವರದು ವಿದ್ವತ್ತು, ಎರಡನೆಯವರದು ಕೂಲಿ ಎಂಬ ಎಣಿಕೆ ಆಗಲೇ ನೆಲೆಗೊಂಡಿತು.

ಸಾಹಿತ್ಯ, ಇತಿಹಾಸ, ಭಾಷೆ, ಜಾನಪದ ಮೊದಲಾದ ಮಾನವಿಕ ವಿಷಯಗಳ ಆಕರಗಳನ್ನು ಗಣಕದ ನೆರವಿನಿಂದ ಸಂಗ್ರಹಿಸಿ, ವಿಶ್ಲೇಷಿಸಿ, ಪ್ರಕಟಿಸುವುದು ಡಿಜಿಟಲ್ ಮಾನವಿಕಗಳ ಒಂದು ಮುಖ. ಗಣಕವೆಂಬ ಸಾಧನವನ್ನೇ ಮಾನವಿಕ ದೃಷ್ಟಿಯಿಂದ ಪ್ರಶ್ನಿಸುವುದು ಇನ್ನೊಂದು ಮುಖ. 2004ರಲ್ಲಿ ಸೂಸಾನ್ ಶ್ರೈಬ್‌ಮನ್, ರೇ ಸೀಮನ್ಸ್ ಮತ್ತು ಜಾನ್ ಅನ್ಸ್‌ವರ್ತ್ ಸಂಪಾದಿಸಿದ ಸಂಗ್ರಹಗ್ರಂಥವು ಈ ಹೆಸರಿಗೆ ಪ್ರಚಾರವನ್ನು ತಂದುಕೊಟ್ಟಿತು. ಭಾರತದಲ್ಲಿ ಜಾದವಪುರ ವಿಶ್ವವಿದ್ಯಾನಿಲಯದ ಸಾಂಸ್ಕೃತಿಕ ಪಠ್ಯ ಹಾಗೂ ದಾಖಲೆಗಳ ಶಾಲೆ ಈ ದಿಸೆಯಲ್ಲಿ ಮುಂಚೂಣಿಯಲ್ಲಿದೆ. ರವೀಂದ್ರನಾಥ ಠಾಕೂರರ ಕೃತಿಗಳ ಹಸ್ತಪ್ರತಿ ಹಾಗೂ ಮುದ್ರಿತ ಪಾಠಾಂತರಗಳನ್ನು ಒಟ್ಟುಗೂಡಿಸಿ ಹೋಲಿಸುವ ‘ಬಿಚಿತ್ರಾ’ ಎಂಬ ಜಾಲತಾಣ ಅಲ್ಲಿ ಸಿದ್ಧವಾಗಿ 2013ರಲ್ಲಿ ಲೋಕಾರ್ಪಣೆಯಾಯಿತು. ಸುಕಾಂತ ಚೌಧುರಿ ಅವರ ನೇತೃತ್ವದ ಈ ಯೋಜನೆಯಲ್ಲಿ ಗ್ರಂಥಸಂಪಾದನೆಯನ್ನು ಬಲ್ಲವರೂ ತಂತ್ರಾಂಶ ರಚಿಸುವವರೂ ಒಂದೇ ಮೇಜಿನಲ್ಲಿ ಕುಳಿತು ಕೆಲಸ ಮಾಡಿದರು ಎಂಬುದೇ ಅದರ ಮುಖ್ಯ ಪಾಠ.

ಕನ್ನಡ ಜಾನಪದ ವಿಭಾಗಗಳಿಗೆ ಈ ಪ್ರಶ್ನೆ ಬಂದಿರುವ ರೂಪ ಬೇರೆ. ಇಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಕ್ರಮ ಹೀಗಿದೆ: ಸಂಶೋಧಕ ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಿಸಿದ ಪದ್ಯವನ್ನು ಕೈಬರಹಕ್ಕೆ ಇಳಿಸುತ್ತಾನೆ, ಕೈಬರಹ ಡಿ.ಟಿ.ಪಿ. ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಪುಟಗಳಾಗಿ ಮರಳಿದ ಪಠ್ಯವು ಪ್ರೌಢಪ್ರಬಂಧದ ಅನುಬಂಧವಾಗಿ ಸೇರುತ್ತದೆ. ದಕ್ಷಿಣ ಕರ್ನಾಟಕದ ಗಾಯಕ ‘ಆಲು’ ಎಂದು ಹಾಡಿದ್ದನ್ನು ಸಂಶೋಧಕ ಹಾಗೆಯೇ ಬರೆದಿದ್ದರೂ ಬೆರಳಚ್ಚು ಮಾಡುವವರು ಅದನ್ನು ಬರಹಗಾರನ ತಪ್ಪೆಂದು ಭಾವಿಸಿ ‘ಹಾಲು’ ಎಂದು ತಿದ್ದಿಬಿಡಬಹುದು. ಅದು ಅವರ ಅಪರಾಧವಲ್ಲ. ಉಪಭಾಷೆಯ ಉಚ್ಚಾರಣೆಯೂ ಆಕರವೇ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಇತ್ತ ಸಂಶೋಧಕನಿಗೆ ತನ್ನ ಪಠ್ಯ ಗಣಕದೊಳಗೆ ಯಾವ ರೂಪದಲ್ಲಿ ಉಳಿದಿದೆ ಎಂಬುದು ತಿಳಿದಿರುವುದಿಲ್ಲ. ಗಲ್ಲರಾತೆಯ ವಿಭಜನೆ ಇಲ್ಲಿ ಇನ್ನೊಂದು ವೇಷದಲ್ಲಿ ಮುಂದುವರಿದಿದೆ. ‘ಗಣಕ ಪರಿಚಯ’ ಎಂಬ ಪ್ರತ್ಯೇಕ ಪತ್ರಿಕೆಯೊಂದನ್ನು ಪಠ್ಯಕ್ರಮಕ್ಕೆ ಸೇರಿಸಿದ ಮಾತ್ರಕ್ಕೆ ಇದು ಪರಿಹಾರವಾಗುವುದಿಲ್ಲ. ಆ ಪತ್ರಿಕೆಯಲ್ಲಿ ಜಾನಪದವಿಲ್ಲ, ಜಾನಪದದ ಪತ್ರಿಕೆಗಳಲ್ಲಿ ಗಣಕವಿಲ್ಲ.

ತುಳುನಾಡಿನ ಸಿರಿ ಪಾಡ್ದನದ ದಾಖಲೀಕರಣವು ಈ ದೃಷ್ಟಿಯಿಂದ ಮರುಪರಿಶೀಲನೆಗೆ ಅರ್ಹವಾದ ನಿದರ್ಶನ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಆನೆಲಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ 1990ರ ಡಿಸೆಂಬರಿನಲ್ಲಿ ಗಾಯಕ ಗೋಪಾಲ ನಾಯ್ಕರಿಂದ ಈ ಮಹಾಕಾವ್ಯವನ್ನು ಪೂರ್ಣವಾಗಿ ದಾಖಲಿಸಿತು. ಹೀಗೆ ದೊರೆತ ಪಠ್ಯದ ಗಾತ್ರ 15,683 ಸಾಲುಗಳು. ಹೋಮರನ ‘ಇಲಿಯಡ್’ ಕಾವ್ಯದ ಗಾತ್ರಕ್ಕೆ ಅದು ಬಹುತೇಕ ಸಮ. 1998ರಲ್ಲಿ ಹೆಲ್ಸಿಂಕಿಯಿಂದ ಪ್ರಕಟವಾದ ಮೂರು ಸಂಪುಟಗಳಲ್ಲಿ ಎರಡು ಸಂಪುಟಗಳು ಕಾವ್ಯಪಠ್ಯಕ್ಕೂ ಅನುವಾದಕ್ಕೂ ಮೀಸಲಾಗಿವೆ. ಉಳಿದೊಂದು ಇಡೀ ಸಂಪುಟ, ಹಾಡು ಪಠ್ಯವಾದ ಪ್ರಕ್ರಿಯೆಯನ್ನೇ ವಿವರಿಸುತ್ತದೆ. ದಾಖಲಿಸುವಾಗ ಯಾರು ಎಲ್ಲಿದ್ದರು, ಗಾಯಕನಿಗೆ ಏನನ್ನು ಕೇಳಲಾಯಿತು, ಸಾಲು ಎಲ್ಲಿ ಮುಗಿಯಿತೆಂದು ಹೇಗೆ ತೀರ್ಮಾನಿಸಲಾಯಿತು ಎಂಬಂಥ ಪ್ರಶ್ನೆಗಳು ಅಲ್ಲಿ ಚರ್ಚೆಗೆ ಒಳಗಾಗಿವೆ. ಗಾಯಕನ ಮನಸ್ಸಿನಲ್ಲಿ ಕಥೆಯ ಒಂದು ‘ಮಾನಸಿಕ ಪಠ್ಯ’ವಿರುತ್ತದೆ, ಸಂದರ್ಭಕ್ಕೆ ತಕ್ಕಂತೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ ಎಂಬ ಹಾಂಕೊ ಅವರ ಪ್ರತಿಪಾದನೆಯೂ ಈ ಕೆಲಸದಿಂದಲೇ ಬೆಳೆದದ್ದು. ಅಂದರೆ ಮುದ್ರಿತ 15,683 ಸಾಲುಗಳು ಸಿರಿ ಕಾವ್ಯವಲ್ಲ. ಒಂದು ತಿಂಗಳ ಒಂದು ಸನ್ನಿವೇಶದಲ್ಲಿ ಒಬ್ಬ ಗಾಯಕ ಕೊಟ್ಟ ಒಂದು ರೂಪ. ದತ್ತಾಂಶ ಎಂಬ ಪದವನ್ನು ಬಳಸುವ ವಿದ್ಯಾರ್ಥಿಗೆ ಮೊದಲು ತಿಳಿಯಬೇಕಾದ ವಿಚಾರ ಇದು.

ಈ ಸಂಪುಟಗಳಲ್ಲಿ ತುಳು ಪಠ್ಯವು ವಿಶೇಷ ಚಿಹ್ನೆಗಳುಳ್ಳ ರೋಮನ್ ಲಿಪ್ಯಂತರದಲ್ಲಿದೆ. ಅದೇ ಪಠ್ಯವನ್ನು ಕನ್ನಡ ಲಿಪಿಯಲ್ಲಿ ಗಣಕಕ್ಕೆ ಊಡಿಸುವ ಕಾರ್ಯವನ್ನು ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿಗೆ ಒಪ್ಪಿಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಬಹುದು. ತುಳುವಿನಲ್ಲಿ ಎಕಾರ ಎರಡು ಬಗೆ. ಒಂದು ಕನ್ನಡದ ಎಕಾರದಂತಹದು, ಇನ್ನೊಂದು ಬಾಯನ್ನು ಹೆಚ್ಚು ತೆರೆದು ಉಚ್ಚರಿಸುವಂತಹದು. ‘ನಾನು ಬಂದೆ’ ಎಂಬ ಅರ್ಥದ ಕ್ರಿಯಾಪದ ವಿವೃತ ಎಕಾರದಿಂದಲೂ ‘ಅವನು ಬಂದ’ ಎಂಬ ಅರ್ಥದ್ದು ಸಂವೃತ ಎಕಾರದಿಂದಲೂ ಕೊನೆಗೊಳ್ಳುತ್ತವೆ. ಕನ್ನಡ ಲಿಪಿಯ ಸಾಮಾನ್ಯ ಬರಹದಲ್ಲಿ ಎರಡೂ ‘ಬತ್ತೆ’ಯೇ. ಓದುಗನಿಗೆ ಸಂದರ್ಭದಿಂದ ವ್ಯತ್ಯಾಸ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯುವುದಿಲ್ಲ.

ಸಿರಿಯ ವಿಷಯದಲ್ಲಿ ಇದು ಕೇವಲ ವ್ಯಾಕರಣದ ಸೂಕ್ಷ್ಮವಲ್ಲ. ಸಿರಿ ಜಾತ್ರೆಯಲ್ಲಿ ಆವೇಶಕ್ಕೊಳಗಾದ ಸ್ತ್ರೀಯರು ತಾವೇ ಸಿರಿ, ಸೊನ್ನೆ, ಅಬ್ಬಗ, ದಾರಗ ಎಂದು ಉತ್ತಮ ಪುರುಷದಲ್ಲಿ ಮಾತನಾಡುತ್ತಾರೆ. ಅವರೊಡನೆ ಸಿರಿಯ ಮಗ ಕುಮಾರನ ಪಾತ್ರ ವಹಿಸುವ ಪುರುಷನಿರುತ್ತಾನೆ. ಕುಮಾರನ ಬಗೆಗೆ ಕಥೆ ಹೇಳುವ ಮಾತು ಎಲ್ಲಿ ಮುಗಿದು, ಕುಮಾರನಾಗಿ ಆಡುವ ಮಾತು ಎಲ್ಲಿ ಆರಂಭವಾಗುತ್ತದೆ ಎಂಬುದೇ ಕಥನ ಮತ್ತು ಆರಾಧನೆಯ ನಡುವಣ ಗಡಿ. ಎರಡು ಎಕಾರಗಳನ್ನು ಒಂದಾಗಿಸಿದ ಕಡತದಲ್ಲಿ ಈ ಗಡಿ ಅಳಿಸಿಹೋಗಿರುತ್ತದೆ. ಉತ್ತಮ ಪುರುಷದ ಪ್ರಯೋಗಗಳನ್ನು ಎಣಿಸಿಕೊಡೆಂದು ಯಂತ್ರವನ್ನು ಕೇಳಿದರೆ ಅದು ಯಾವ ಸಂಕೋಚವೂ ಇಲ್ಲದೆ ಒಂದು ಸಂಖ್ಯೆಯನ್ನು ಕೊಡುತ್ತದೆ. ಆ ಸಂಖ್ಯೆಯನ್ನು ನಂಬಬಾರದೆಂದು ತಿಳಿಯಲು ತುಳು ವ್ಯಾಕರಣವೂ ಸಿರಿ ಆರಾಧನೆಯ ಅರಿವೂ ಬೇಕು. ವಿವೃತ ಎಕಾರಕ್ಕೆ ಪ್ರತ್ಯೇಕ ಗುರುತು ಕೊಟ್ಟು ಕಡತವನ್ನು ಸರಿಪಡಿಸಲು ಸಂಕೇತೀಕರಣದ ತಿಳಿವಳಿಕೆ ಬೇಕು. ಇವೆರಡೂ ಒಬ್ಬನೇ ವಿದ್ಯಾರ್ಥಿಯಲ್ಲಿ ಇರಬೇಕೆಂಬುದು ಅತಿಯಾದ ನಿರೀಕ್ಷೆಯಲ್ಲ. 2024ರಲ್ಲಿ ಯೂನಿಕೋಡ್‌ನ 16ನೆಯ ಆವೃತ್ತಿ ತುಳು-ತಿಗಳಾರಿ ಲಿಪಿಗೆ ಸ್ಥಾನ ನೀಡಿದ್ದು ಸಂತೋಷದ ವಿಚಾರವಾದರೂ, ಈವರೆಗಿನ ತುಳು ಸಂಗ್ರಹಗಳು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲಿಯೇ ಇರುವುದರಿಂದ ಮೇಲಿನ ಸಮಸ್ಯೆ ಅದರಿಂದ ತಾನಾಗಿ ಬಗೆಹರಿಯದು.

ಕನ್ನಡದ ಆಕರಗಳಲ್ಲಿಯೂ ಇಂಥ ತೊಡಕುಗಳು ಕಡಿಮೆಯಿಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವನ್ನು ಒಳಗೊಂಡಿತ್ತು. ಆದರೆ 1990ರ ದಶಕದ ಕೊನೆಯಿಂದ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಕನ್ನಡದ ಪ್ರಬಂಧಗಳೂ ಸಂಗ್ರಹಗಳೂ ಹೆಚ್ಚಾಗಿ ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟ್ ಪದ್ಧತಿಯಲ್ಲಿ ಸಿದ್ಧವಾದವು. ಆ ಪದ್ಧತಿಯಲ್ಲಿ ಗಣಕದೊಳಗೆ ಉಳಿಯುವುದು ಅಕ್ಷರವಲ್ಲ, ಅಕ್ಷರದ ಚಿತ್ರಭಾಗಗಳ ಕ್ರಮ. ಉದಾಹರಣೆಗೆ ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಯಕಾರದ ನಂತರ ಕಾಣುವುದರಿಂದ ಹಳೆಯ ಕಡತದಲ್ಲಿ ಅದು ಯಕಾರದ ನಂತರವೇ ದಾಖಲಾಗಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರುತ್ತದೆ. ಪರಿವರ್ತಕ ತಂತ್ರಾಂಶ ಇದನ್ನು ಹಿಂದುಮುಂದು ಮಾಡಿ ಜೋಡಿಸಬೇಕು. ಇಲ್ಲಿಗೇ ನಿಲ್ಲುವುದಿಲ್ಲ. ಅದೇ ಪದವನ್ನು ‘ಸೂರ‍್ಯ’ ಎಂದು ರಕಾರಕ್ಕೆ ಯಕಾರದ ಒತ್ತು ಕೊಟ್ಟು ಮುದ್ರಿಸಿದ ಪುಸ್ತಕಗಳು ಬೇಕಾದಷ್ಟಿವೆ. ಯೂನಿಕೋಡ್‌ನಲ್ಲಿ ಈ ರೂಪ ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದು ಸೇರಬೇಕು. ಕಿವಿಗೆ ಎರಡೂ ಒಂದೇ. ಶೋಧಯಂತ್ರಕ್ಕೆ ಎರಡು ಬೇರೆ ಪದಗಳು. ಎರಡನ್ನೂ ಒಂದೆಂದು ಪರಿಗಣಿಸಬೇಕೆ, ಸಂಪಾದಕನ ಲಿಪಿಕ್ರಮವನ್ನು ಹಾಗೆಯೇ ಉಳಿಸಬೇಕೆ ಎಂಬುದು ಮೂಲತಃ ಗ್ರಂಥಸಂಪಾದನೆಯ ಪ್ರಶ್ನೆ. ಡಿ.ಎಲ್. ನರಸಿಂಹಾಚಾರ್ ಅವರ ಪರಂಪರೆಯಲ್ಲಿ ಪಾಠಾಂತರಗಳನ್ನು ಕಲಿತ ವಿದ್ಯಾರ್ಥಿಗೆ ಇದು ಹೊಸದೇನೂ ಅಲ್ಲ. ಹೊಸದು ಸಾಧನ ಮಾತ್ರ.

ಮಾನಕಗಳೂ ಮನುಷ್ಯರು ಮಾಡಿದವು ಎಂಬುದಕ್ಕೆ ಹಳಗನ್ನಡದ ‘ೞ’ ಸಾಕ್ಷಿ. ಯೂನಿಕೋಡ್ ಪಟ್ಟಿಯಲ್ಲಿ ಈ ಅಕ್ಷರಕ್ಕೆ ‘ಫಾ’ ಎಂದು ಹೆಸರು ಬಿದ್ದಿದೆ. ಅದು ತಪ್ಪೆಂದು ಗೊತ್ತಾದ ಮೇಲೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ತಿದ್ದುಪಡಿಯ ಪರ್ಯಾಯ ನಾಮವೊಂದನ್ನು ಜೊತೆಗಿರಿಸಿ ಮೂಲ ಹೆಸರನ್ನು ಹಾಗೆಯೇ ಉಳಿಸಲಾಗಿದೆ. ಪಂಪನನ್ನು ಓದುವ ತರಗತಿಯಲ್ಲಿ ಈ ಸಂಗತಿಯನ್ನು ಹೇಳಿದರೆ ಮಾನಕವೆಂದರೇನು ಎಂಬುದು ಒಂದೇ ಉದಾಹರಣೆಯಲ್ಲಿ ಮನದಟ್ಟಾಗುತ್ತದೆ.

ಪಠ್ಯದ ಭಾಗಗಳಿಗೆ ಗುರುತು ಹಾಕುವ, ಮಾರ್ಕಪ್ ಎಂದು ಕರೆಯುವ ಪದ್ಧತಿಯಲ್ಲಿಯೂ ಇದೇ ಬಗೆಯ ತೀರ್ಮಾನಗಳು ಎದುರಾಗುತ್ತವೆ. ಅಮೆರಿಕದ ವಸ್ಸಾರ್ ಕಾಲೇಜಿನಲ್ಲಿ 1987ರಲ್ಲಿ ನಡೆದ ಸಭೆಯಿಂದ ಆರಂಭವಾದ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಷಿಯೇಟಿವ್ ಇದಕ್ಕಾಗಿ ವಿಸ್ತಾರವಾದ ಮಾರ್ಗಸೂಚಿಯನ್ನು ಬೆಳೆಸಿದೆ. ಅದರಲ್ಲಿ ಅಧ್ಯಾಯ, ಪದ್ಯ, ಸಾಲು, ಪಾತ್ರದ ಮಾತು ಇವಕ್ಕೆಲ್ಲ ಪ್ರತ್ಯೇಕ ಗುರುತುಗಳಿವೆ. ಮಲೆಯ ಮಾದೇಶ್ವರ ಕಾವ್ಯವನ್ನು ಇದಕ್ಕೆ ಹೊಂದಿಸಲು ಹೊರಟರೆ ಮೊದಲ ಪದದಲ್ಲಿಯೇ ಎಡವಟ್ಟಾಗುತ್ತದೆ. ಕಂಸಾಳೆ ಹಾಗೂ ತಂಬೂರಿ ಗಾಯಕರ ಪರಿಭಾಷೆಯಲ್ಲಿ ‘ಸಾಲು’ ಎಂದರೆ ಪಂಕ್ತಿಯಲ್ಲ, ಕಥೆಯ ಒಂದು ದೊಡ್ಡ ಘಟಕ. ‘ಸಂಕಮ್ಮನ ಸಾಲು’, ‘ಇಕ್ಕೇರಿ ದೇವಮ್ಮನ ಸಾಲು’ ಎಂಬಂತೆ. ಒಂದೊಂದು ಸಾಲನ್ನೂ ರಾತ್ರಿಯಿಡೀ ಹಾಡಬಹುದು. ಪರಂಪರೆಯನ್ನರಿಯದ ತಂತ್ರಜ್ಞ ಇದನ್ನು ಪಂಕ್ತಿಯ ಗುರುತಿಗೆ ಜೋಡಿಸಿದರೆ ತಪ್ಪು ಅವನದಲ್ಲ. ಹಾಗೆಯೇ ಹಿಮ್ಮೇಳದವರು ಹಿಡಿಯುವ ಸೊಲ್ಲನ್ನು ಮುದ್ರಣದಲ್ಲಿ ಆರಂಭದಲ್ಲೊಮ್ಮೆ ಕೊಟ್ಟು ಮುಂದೆ ಕೈಬಿಡುವುದು ರೂಢಿ. ಕಾಗದ ಉಳಿಸಲು ಅದು ಅನಿವಾರ್ಯವಾಗಿತ್ತು. ಗಣಕದಲ್ಲಿ ಕಾಗದದ ಚಿಂತೆ ಇಲ್ಲವಾದರೂ, ಮುದ್ರಿತ ಪುಸ್ತಕವನ್ನೇ ಆಕರವಾಗಿಟ್ಟುಕೊಂಡು ಅಂಕೀಕರಿಸಿದಾಗ ಹಿಮ್ಮೇಳದವರು ಮತ್ತೊಮ್ಮೆ ಕಾಣೆಯಾಗುತ್ತಾರೆ. ಮುಮ್ಮೇಳದ ಒಬ್ಬನ ಹೆಸರಿನಲ್ಲಿ ಮೇಳದ ಕೃತಿ ದಾಖಲಾಗುತ್ತದೆ. ಗಲ್ಲರಾತೆಯ ಯುವತಿಯರ ನೆನಪು ಇಲ್ಲಿ ಬಂದರೆ ಅಸಹಜವೇನಲ್ಲ.

ವರ್ಗಸೂಚಿಗಳ ವಿಚಾರವೂ ಗಮನಾರ್ಹ. ಜಾನಪದ ವಿದ್ವಾಂಸರು ಗಣಕಕ್ಕೂ ಮುಂಚೆಯೇ ದತ್ತಾಂಶಕೋಶಗಳನ್ನು ಕಟ್ಟಿದವರು. ಸ್ಟಿತ್ ಥಾಂಪ್ಸನ್ 1930ರ ದಶಕದಲ್ಲಿ ಪ್ರಕಟಿಸಿ 1950ರ ದಶಕದಲ್ಲಿ ಪರಿಷ್ಕರಿಸಿದ ಆಶಯಸೂಚಿಯೂ, ಆರ್ನೆ-ಥಾಂಪ್ಸನ್ ಕಥಾವರ್ಗಸೂಚಿಯನ್ನು ಹಾನ್ಸ್-ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದ ರೂಪವೂ ಇಂದಿಗೂ ಬಳಕೆಯಲ್ಲಿವೆ. ಆದರೆ ಥಾಂಪ್ಸನ್ ಲೈಂಗಿಕ ಹಾಸ್ಯದ ಆಶಯಗಳನ್ನು ಅಶ್ಲೀಲವೆಂದು ಬಹುಮಟ್ಟಿಗೆ ಹೊರಗಿಟ್ಟಿದ್ದನ್ನು ಅಲನ್ ಡಂಡೆಸ್ 1997ರ ವಿಮರ್ಶೆಯಲ್ಲಿ ಎತ್ತಿ ತೋರಿಸಿದ್ದಾರೆ. ಈ ಸೂಚಿಯ ಆಧಾರದ ಮೇಲೆ ಕನ್ನಡದ ಕಥೆಗಳನ್ನು ಯಂತ್ರದಿಂದ ವಿಂಗಡಿಸಿದರೆ, ನಮ್ಮ ಹೆಂಗಸರು ಹೆಂಗಸರ ನಡುವೆಯೇ ಹೇಳುವ ಎಷ್ಟೋ ಕಥೆಗಳಿಗೆ ಅಲ್ಲಿ ಮನೆಯೇ ಇರುವುದಿಲ್ಲ. ಸೂಚಿಯಲ್ಲಿ ಸಿಗದ್ದನ್ನು ಪರಂಪರೆಯಲ್ಲೇ ಇಲ್ಲವೆಂದು ತಿಳಿಯುವ ಅಪಾಯ ವಿಮರ್ಶಾತ್ಮಕ ತರಬೇತಿ ಇಲ್ಲದವನಿಗೆ ಹೆಚ್ಚು.

ಯಂತ್ರದಿಂದ ನಿಜವಾದ ಲಾಭವಾಗುವುದಿಲ್ಲವೆಂದು ಇದರ ಅರ್ಥವಲ್ಲ. ಫಿನ್ಲೆಂಡಿನ ಪ್ರಾಚೀನ ಜನಪದ ಕಾವ್ಯಗಳು 1908ರಿಂದ 1948ರವರೆಗೆ 33 ಸಂಪುಟಗಳಲ್ಲಿ, 1997ರಲ್ಲಿ ಇನ್ನೊಂದು ಸಂಪುಟದಲ್ಲಿ ಪ್ರಕಟವಾಗಿ, ಅನಂತರ ಗಣಕಕ್ಕೆ ಬಂದವು. ಎಂಬತ್ತು ಸಾವಿರಕ್ಕೂ ಹೆಚ್ಚಿನ ಆ ಪಠ್ಯಗಳಲ್ಲಿ ಒಂದೇ ಸೂತ್ರಪದ್ಯ ಊರಿಂದೂರಿಗೆ ಹೇಗೆ ಮಾರ್ಪಟ್ಟಿದೆ ಎಂಬುದನ್ನು ಹೋಲಿಸುವುದು ಒಬ್ಬ ಮನುಷ್ಯನ ಆಯುಷ್ಯದಲ್ಲಿ ಆಗದ ಕೆಲಸ. ಈಗ ಜಾನಪದ ವಿದ್ವಾಂಸರೂ ಗಣಕವಿಜ್ಞಾನಿಗಳೂ ಕೂಡಿ ಅದನ್ನು ಮಾಡುತ್ತಿದ್ದಾರೆ. ಪ್ರತಿಯೊಂದು ಪಠ್ಯದೊಂದಿಗೂ ಸಂಗ್ರಾಹಕ, ಸ್ಥಳ, ವರ್ಷಗಳ ವಿವರವನ್ನು ಹಿಂದಿನವರು ಆದಷ್ಟು ಉಳಿಸಿದ್ದುದರಿಂದಲೇ ಇದು ಸಾಧ್ಯವಾಯಿತು. ಕನ್ನಡದಲ್ಲಿ ಓ.ಎಲ್. ನಾಗಭೂಷಣಸ್ವಾಮಿ ಅವರಂಥ ವಿದ್ವಾಂಸರೂ ಉತ್ಸಾಹಿ ತಂತ್ರಜ್ಞರೂ ಸೇರಿ ರೂಪಿಸಿದ ‘ವಚನ ಸಂಚಯ’ ವಚನಗಳ ಪದಪ್ರಯೋಗವನ್ನು ಕ್ಷಣಮಾತ್ರದಲ್ಲಿ ಹುಡುಕಿಕೊಡುತ್ತದೆ. ಮೌಖಿಕ ಕಾವ್ಯಗಳಿಗೆ ಇದಕ್ಕೆ ಸಮನಾದುದು ಇನ್ನೂ ಆಗಬೇಕಾಗಿದೆ.

ಆಗಬೇಕಾದ ಕಾರ್ಯಕ್ಕೆ ಅನುಮತಿಯ ಪ್ರಶ್ನೆಯೂ ಅಂಟಿಕೊಂಡಿದೆ. ಆಸ್ಟ್ರೇಲಿಯಾದ ವರುಮುಂಗು ಸಮುದಾಯದೊಡನೆ ಕಿಂಬರ್ಲಿ ಕ್ರಿಸ್ಟನ್ ರೂಪಿಸಿದ ‘ಮುಕುರ್ತು’ ದಾಖಲೆ ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು, ಯಾವ ಹಾಡನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂಬುದನ್ನು ಸಮುದಾಯವೇ ನಿಶ್ಚಯಿಸುತ್ತದೆ. ಎಲ್ಲವೂ ಎಲ್ಲರಿಗೂ ತೆರೆದಿರಬೇಕೆಂಬ ಸದಾಶಯಕ್ಕೆ ಇದು ತಡೆಯಂತೆ ಕಾಣಬಹುದು. ಆದರೆ ಸಿರಿ ಜಾತ್ರೆಯಲ್ಲಿ ಆವೇಶಗೊಂಡ ಸ್ತ್ರೀ ತನ್ನ ಸಂಸಾರದ ನೋವನ್ನು ನುಡಿಯುವ ದೃಶ್ಯ ಅವಳ ಒಪ್ಪಿಗೆಯಿಲ್ಲದೆ ಜಗತ್ತಿನ ಪರದೆಗಳ ಮೇಲೆ ಹರಿದಾಡುವುದನ್ನು ಸಂಶೋಧನೆಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ. ತಂತ್ರಾಂಶದಲ್ಲಿ ಪ್ರವೇಶದ ಹಂತಗಳನ್ನು ರಚಿಸುವುದು ಸುಲಭ. ಯಾವ ಹಂತ ಯಾರಿಗೆ ಎಂಬುದನ್ನು ತಿಳಿಯಲು ಊರಿಗೆ ಹೋಗಿ ಕೂರಬೇಕು.

ಹಾಗಾದರೆ ತರಗತಿ ಹೇಗಿರಬೇಕು? ಹತ್ತಾರು ತಂತ್ರಾಂಶಗಳನ್ನು ಪರಿಚಯಿಸುವ ಪಠ್ಯಕ್ರಮಕ್ಕಿಂತ ಒಂದೇ ಹಾಡನ್ನು ಒಂದು ಷಾಣ್ಮಾಸಿಕವಿಡೀ ಹಿಂಬಾಲಿಸುವ ಪಠ್ಯಕ್ರಮ ಮೇಲು. ವಿದ್ಯಾರ್ಥಿ ಹಾಡನ್ನು ತಾನೇ ಧ್ವನಿಮುದ್ರಿಸಲಿ, ತಾನೇ ಬರಹಕ್ಕಿಳಿಸಲಿ, ತಾನೇ ಯೂನಿಕೋಡ್‌ನಲ್ಲಿ ಊಡಿಸಿ ಗುರುತು ಹಾಕಲಿ. ಪ್ರತಿಯೊಂದು ಹೆಜ್ಜೆಯಲ್ಲಿ ಏನನ್ನು ಉಳಿಸಿದೆ, ಏನನ್ನು ಬಿಟ್ಟೆ ಎಂಬುದಕ್ಕೆ ಟಿಪ್ಪಣಿ ಬರೆಯಲಿ. ಅಂಕ ಕೊಡಬೇಕಾದದ್ದು ಆ ಟಿಪ್ಪಣಿಗೆ. ಅನಂತರ ಕಡತವನ್ನು ಗಾಯಕನ ಮುಂದೆ ಓದಿ ತೋರಿಸಲಿ. ಮಾತನ್ನು ಬರಹಕ್ಕಿಳಿಸುವ ಸ್ವಯಂಚಾಲಿತ ತಂತ್ರಾಂಶಗಳು ಈಗ ಕನ್ನಡಕ್ಕೂ ಬಂದಿವೆ. ಮುದ್ರಣದ ಕನ್ನಡವನ್ನು ಉಂಡು ಬೆಳೆದ ಇಂಥ ಯಂತ್ರ ‘ಆಲು’ ಎಂಬುದನ್ನು ‘ಹಾಲು’ ಮಾಡುವ ಸಂಭವ ಹಳೆಯ ಡಿ.ಟಿ.ಪಿ. ಕೇಂದ್ರಕ್ಕಿಂತ ಕಡಿಮೆಯೇನಲ್ಲ. ಯಂತ್ರದ ಬರಹವನ್ನೂ ವಿದ್ಯಾರ್ಥಿಯ ಬರಹವನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದೇ ಉತ್ತಮ ಅಭ್ಯಾಸವಾದೀತು. ಇದಕ್ಕೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಬೇಕಾದದ್ದು ಎರಡೂ ಬಲ್ಲ ಅಧ್ಯಾಪಕರು. ಅವರನ್ನು ಬೆಳೆಸುವುದು ನಿಧಾನದ ಕೆಲಸ. ಮುದ್ರಿತ ಲೇಖನಗಳ ಎಣಿಕೆಯ ಮೇಲೆ ಬಡ್ತಿ ನಿಂತಿರುವವರೆಗೆ, ಎರಡು ವರ್ಷ ಕೂತು ಒಂದು ಕಾವ್ಯದ ಕಡತವನ್ನು ಶುದ್ಧಗೊಳಿಸುವ ಅಧ್ಯಾಪಕ ನಷ್ಟಕ್ಕೆ ಒಳಗಾಗುತ್ತಾನೆಂಬುದೂ ನಿಜ.

ಈ ನಿಧಾನಕ್ಕೆ ಒಂದು ಮಿತಿಯಿದೆ. 1960ರ ದಶಕದಿಂದ 1980ರ ದಶಕದವರೆಗೆ ಕರ್ನಾಟಕದ ಹಳ್ಳಿಗಳಲ್ಲಿ ಸುತ್ತಾಡಿದ ಸಂಗ್ರಾಹಕರ ಸುರುಳಿಗಳು, ಕ್ಯಾಸೆಟ್ಟುಗಳು ವಿಭಾಗಗಳ ಬೀರುಗಳಲ್ಲಿ, ಮನೆಗಳ ಅಟ್ಟಗಳಲ್ಲಿ ಉಳಿದಿವೆ. ಕಾಂತಪಟ್ಟಿ ಸವೆಯುವುದರೊಳಗೆ ಧ್ವನಿಯನ್ನು ಕಡತಕ್ಕೆ ವರ್ಗಾಯಿಸಲು ನುರಿತ ತಂತ್ರಜ್ಞನೊಬ್ಬ ಸಾಕು. ಹಾಡುತ್ತಿರುವವರು ಯಾರು, ಸೊಲ್ಲು ಹಿಡಿದವರು ಯಾರು, ಅದು ಯಾವ ಊರಿನ ಯಾವ ಹಬ್ಬದ ರಾತ್ರಿ ಎಂಬುದನ್ನು ಹೇಳಬಲ್ಲವರು ಅಂದು ಧ್ವನಿಮುದ್ರಣಯಂತ್ರವನ್ನು ಹೊತ್ತು ನಡೆದ ಸಂಗ್ರಾಹಕರು ಮಾತ್ರ. ಅವರಲ್ಲಿ ಅನೇಕರು ಈಗಿಲ್ಲ. ಇರುವವರ ಮುಂದೆ ಧ್ವನಿಯನ್ನು ಕೇಳಿಸಿ, ಅವರು ಹೇಳಿದ್ದನ್ನು ಸರಿಯಾದ ಗುರುತುಗಳೊಡನೆ ಕಡತಕ್ಕೆ ಸೇರಿಸಲು ಹಾಡನ್ನೂ ಯಂತ್ರವನ್ನೂ ಬಲ್ಲ ವಿದ್ಯಾರ್ಥಿಗಳು ಈ ಕೆಲವು ವರ್ಷಗಳಲ್ಲಿಯೇ ಸಿದ್ಧರಾಗಬೇಕಾಗಿದೆ.